ಅಕ್ಕಿ ಡಬ್ಬಿಯಲ್ಲಿ ಶನಿ

ಮೊನ್ನೆ ಕುಚ್ಚಲಕ್ಕಿ ಡಬ್ಬಿಗೆ ಕೈ ಹಾಕಿದಾಗ ಬಟ್ಟೆಯ ಗಂಟೊಂದು ತಗಲಿತು. ಬಿಚ್ಚಿದರೆ, ಟೆಲಿಸ್ಕೋಪಿಗೆ ಕಣ್ಣಿಡುವ ಕಡೆ ಹಾಕುವ ಪುಟ್ಟ ಮಸೂರ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲೆಂದು ಅದನ್ನು ಅಕ್ಕಿಯಲ್ಲಿ ಹೂತಿಡಲು ಕಲಿಸಿದವರು ಪಕ್ಕದ ಮನೆಯ ಟೀಚರು. ತವುಡಿನ ಆ ವಾಸನೆಯೊಡನೆ ಅವರೇ ಬಂದು ನಿಂತ ಹಾಗಾಯಿತು...

ಬೈಂದೂರು ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯದೆಂದು ಡಾಕ್ಟರು ಹೇಳಿದ ದಿನ ನಾನು ಅಳು ನುಂಗಿ ಕೂತಿದ್ದರೆ ಅವರ ಚಿಂತೆಯೇ ಬೇರೆ.

“ಬೋರ್ಡಲ್ಲಿ ಶನಿನ ಎಷ್ಟ್ ಸಲ ಬರ್ದಿದೆ. ಒಂದ್ಸಲವೂ ಕಂಡದ್ದಿಲ್ಲೆ. ಕಣ್ಣ್ ಹೋಪುದ್ರೊಳ್ಗೆ ಕಾಣ್ಕ್ ಹೆಣ್ಣೇ.”

ಶನಿಯ ದೃಷ್ಟಿ ಬೀಳದಿರಲೆಂದು ಊರೆಲ್ಲ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದರೆ, ಇವರು ತಾವಾಗಿ ಅವನನ್ನು ನೋಡಲು ಹೊರಟರು.

ಮಂಗಳೂರಿನ ಅಂಗಡಿಯವನು ತೆಳ್ಳಗಿನ ಉದ್ದ ಕೊಳವೆಯೊಂದನ್ನು ಮುಂದಿಟ್ಟು, ಐನೂರು ಪಟ್ಟು ದೊಡ್ಡದು ಮಾಡುತ್ತದೆ ಎಂದ. ನಾನು ಮರುಳಾಗಿದ್ದೆ. ಟೀಚರು ಮೂಲೆಯಲ್ಲಿದ್ದ ಡೊಳ್ಳುಹೊಟ್ಟೆಯ, ಕನ್ನಡಿಯ ಟೆಲಿಸ್ಕೋಪಿನ ಬಾಯಿಗೆ ಗೇಣು ಹಾಕಿ ನೋಡಿದರು.

“ಮಳಿನೀರ್ ಹಿಡೂಕೆ ಚೊಂಬ್ ಇಡ್ತ್ರಿಯಾ, ಕೊಪ್ಪರ್ಗೆ ಇಡ್ತ್ರಿಯಾ? ನನ್ ಕಣ್ಣಿಗೆ ಬೆಳ್ಕ್ ಬೇಕ್, ಬಾಯಿ ಅಗ್ಲ ಇದ್ದದ್ದೇ ಆಯ್ಕ್.”

ಅದನ್ನೇ ಕೊಂಡು, ಮೊದಲು ಉಪ್ಪುಂದದ ಕಡಲ ಬದಿಗೆ ಒಯ್ದೆವು. ಗಾಳಿಗೆ ಎಲ್ಲವೂ ಕುಣಿಯಿತು, ಕನ್ನಡಿಗೆ ಉಪ್ಪುನೀರಿನ ಮಂಜು ಕೂತಿತು. ಅವರ ಮುಖ ನೋಡಲಾಗಲಿಲ್ಲ. ಮರುವಾರ ಬಿಜೂರಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ಹೊತ್ತು ಕಂತಿದ ಮೇಲೆ ಕೊಳವೆಯನ್ನು ತಿರುಗಿಸಿ ತಿರುಗಿಸಿ ಆ ಚುಕ್ಕಿಯನ್ನು ಹಿಡಿದೆ. ಅವರು ಬಗ್ಗಿ ಕಣ್ಣಿಟ್ಟರು. ಎಷ್ಟೋ ಹೊತ್ತು ಕಣ್ಣು ತೆಗೆಯಲಿಲ್ಲ. ಕಾಣಲೇ ಇಲ್ಲವೇನೋ ಎಂದು ನಾನು ಮತ್ತೆ ಕೊಳವೆಗೆ ಕೈ ಹಾಕಹೊರಟೆ.

“ಶನಿಯ ಬಳೆ ಅವ್ನ್ ಮೈಗ್ ತಾಗ್ಲೇ ಇಲ್ಲೆ ಮಾರಾಯ್ತಿ,” ಎಂದರು ಮೆಲ್ಲಗೆ. “ಸುತ್ತ ಖಾಲಿ ಇತ್ತ್. ನಾ ಇಷ್ಟ್ ವರ್ಷ ಮಕ್ಳತ್ರ ತಾಗ್ಸಿ ಬರ್ಸಿದೆ.”

ಆಮೇಲೆ ನಾನೂ ನೋಡಿದೆ. ಯಾವ ಆಧಾರವೂ ಇಲ್ಲದೆ ಕತ್ತಲಲ್ಲಿ ತೇಲುತ್ತಿದ್ದ ಬಂಗಾರದ ಬಳೆ, ನಡುವೆ ಅವನು. ಕಾಲ ಕೆಳಗಿನ ಗದ್ದೆಯೂ ಹಾಗೆಯೇ ತೇಲುತ್ತಿದೆ ಅನಿಸಿತು. ತಲೆಯೆತ್ತಿದರೆ ಟೀಚರು ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಂದಿನ ಮಳೆಗಾಲದೊಳಗೆ ಆ ಕಣ್ಣೂ ಹೋಯಿತು. ಆದರೂ ಪ್ರತಿ ವರ್ಷ ನನ್ನನ್ನು ಗದ್ದೆಗೆ ಹೊರಡಿಸುತ್ತಿದ್ದರು. ನಾನು ನೋಡುತ್ತಿದ್ದೆ, ಅವರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು: “ತಾಗಿತ್ತಾ?”

ಈಗ ಟೀಚರಿಲ್ಲ. ಮೊನ್ನೆ ಸಂಜೆ ಮಸೂರ ಒರೆಸಿಕೊಂಡು ಒಬ್ಬಳೇ ಗದ್ದೆಗೆ ಹೋದೆ. ಶನಿ ಸಿಕ್ಕಿದ. ಸುಮ್ಮನೆ ಬರಲು ಮನಸ್ಸಾಗಲಿಲ್ಲ. ಯಾರೂ ಕೇಳದಿದ್ದರೂ ಹೇಳಿದೆ, “ಇಲ್ಲೆ ಟೀಚರೇ, ತಾಗ್ಲಿಲ್ಲೆ.”