ವರಲಕ್ಷ್ಮಿ ಮುಚ್ಚಿಟ್ಟ ಮಾತು

ಕೊಡಿಗೇನಹಳ್ಳಿ ಕಡೆಯ ಅಂಗನವಾಡಿ ಕಾರ್ಯಕರ್ತೆ ವರಲಕ್ಷ್ಮಿಗೆ ಊರ ಮಕ್ಕಳ ತೂಕವೆಲ್ಲ ಬಾಯಿಪಾಠ. ಯಾರ ಮಗು ಸೊರಗಿದರೂ ಅದರ ತಾಯಿಗೆ ಬಿಸಿ ಮುಟ್ಟಿಸದೆ ಬಿಡುವವಳಲ್ಲ. ತನ್ನ ಮಗಳು, ಹದಿಮೂರರ ರಮ್ಯಶ್ರೀಯ ಮೊಣಕೈಯಲ್ಲಿ ಹಳದಿ ಗಂಟುಗಳೆದ್ದಾಗ ಮಾತ್ರ ನರಹುಲಿ ಎಂದುಕೊಂಡು ದೇವರಿಗೆ ಉಪ್ಪು ಮೆಣಸು ಹಾಕಿಸಿ ಬಂದಳು. ಎಂದುಕೊಂಡಳು ಅನ್ನುವುದೂ ಸುಳ್ಳೇ. ಅಂಥವೇ ಗಂಟು ಗಂಡ ತಿಮ್ಮರಾಜುವಿನ ಮೊಣಕೈಯಲ್ಲಿದ್ದುದನ್ನು ಅವಳು ಕಂಡಿರಲಿಲ್ಲವೇ?

ಹಿಂದೂಪುರದಲ್ಲಿ ಕೆಲಸಕ್ಕಿದ್ದ ತಿಮ್ಮರಾಜು ಮೂವತ್ತಾರಕ್ಕೆ ಎದೆ ಹಿಡಿದುಕೊಂಡು ಕುಸಿದವನು ಮೇಲೇಳಲಿಲ್ಲ. ಅವನ ಅಪ್ಪನೂ ಹಾಗೇ ಹೋಗಿದ್ದ. ನಾಳೆ ಮಗಳನ್ನು ಕೇಳಿಕೊಂಡು ಬಂದವರು ಹಿಂದೆಗೆದಾರು ಎಂಬ ಭಯಕ್ಕೆ, ಗಂಡ ಕಾಮಾಲೆಯಿಂದ ಹೋದನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಗಂಟು ಕರಗಲಿಲ್ಲ. ಮಧುಗಿರಿಯ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ನರಹುಲಿಯಲ್ಲ, ಕೊಬ್ಬಿನ ಗಂಟು, ಕೊಲೆಸ್ಟ್ರಾಲ್ ಇರಬೇಕಾದ್ದರ ಎರಡರಷ್ಟು, ನಾನೂರರ ಹತ್ತಿರವಿದೆ ಎಂದರು.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡಿದ್ದಾರಾ?"

ಜೊತೆಗೆ ಬಂದಿದ್ದ ನೆರೆಮನೆಯ ಮಂಜಮ್ಮ ಪಕ್ಕದಲ್ಲೇ ನಿಂತಿದ್ದಳು. "ಯಾರೂ ಇಲ್ಲ ಸಾರ್," ಎಂದುಬಿಟ್ಟಳು ವರಲಕ್ಷ್ಮಿ. ಹಾಗಾದರೆ ಮೊದಲು ಊಟದಲ್ಲಿ ಹಿಡಿತ ಮಾಡಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರು.

ಕಡ್ಡಿಯಂಥ ಹುಡುಗಿಗೆ ಅಲ್ಲಿಂದ ಶುರುವಾಯಿತು ವನವಾಸ. ಒಗ್ಗರಣೆಯಿಲ್ಲ, ಮೊಟ್ಟೆಯಿಲ್ಲ, ಬೋಂಡದ ಮಾತೇ ಇಲ್ಲ. ಮೂರು ಹೊತ್ತೂ ಮುದ್ದೆ, ಸಪ್ಪೆ ಸೊಪ್ಪಿನ ಸಾರು. ಮೂರು ತಿಂಗಳ ಮೇಲೆ ನೋಡಿದರೆ ಅಂಕಿ ಹೆಚ್ಚುಕಮ್ಮಿ ಅಲ್ಲೇ ಇತ್ತು. ರಿಪೋರ್ಟು ಕೈಗೆ ಬಂದದ್ದೇ ತಡ, ವರಲಕ್ಷ್ಮಿ ಮಗಳ ರಟ್ಟೆ ಹಿಡಿದಳು.

"ಸ್ಕೂಲ್ ಹತ್ರ ಕದ್ದು ತಿಂತಿದ್ದೀಯೇನೇ? ನಿಜ ಹೇಳು."

"ಇಲ್ಲ ಕಣಮ್ಮ, ತಿಂದಿಲ್ಲ."

ಆಸ್ಪತ್ರೆಯ ಬಾಗಿಲಲ್ಲೇ ಕೆನ್ನೆಗೆ ಬಾರಿಸಿದಳು.

ಒಳಗೆ ಡಾಕ್ಟರು ರಿಪೋರ್ಟು ನೋಡಿ, "ಇದು ತಿಂದು ಬಂದಿದ್ದಲ್ಲಮ್ಮ, ವಂಶದಲ್ಲೇ ಇರೋ ಥರ ಕಾಣುತ್ತೆ. ಅಂಗಿದ್ರೆ ಮಾತ್ರೆ ಬೇಕೇ ಬೇಕು, ತಡ ಮಾಡಿದ್ರೆ ಇವಳ ಹಾರ್ಟಿಗೇ ಕುತ್ತು. ಮನೇಲಿ ಹಾರ್ಟ್ ಅಟ್ಯಾಕ್ ಆದವರು ನಿಜವಾಗ್ಲೂ ಯಾರೂ ಇಲ್ವಾ? ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಿ," ಎಂದರು.

ವರಲಕ್ಷ್ಮಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಗಳ ಕೆನ್ನೆ ಇನ್ನೂ ಕೆಂಪಗಿತ್ತು. "ಇವರಪ್ಪ ಸಾರ್. ಇವರ ತಾತನೂ ಇಂಗೇ. ಎಂಟು ವರ್ಷದಿಂದ ಮುಚ್ಚಿಟ್ಕೊಂಡು ಬಂದ್ಬುಟ್ಟೆ," ಎಂದಳು, ತಲೆಯೆತ್ತದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾತ್ರೆ ಬರೆದು, ದಿನಾ ತಪ್ಪದೆ ತೆಗೆದುಕೊಂಡರೆ ಹುಡುಗಿ ಎಲ್ಲರ ಹಾಗೆ ಬಾಳಬಹುದು ಎಂದು ಧೈರ್ಯ ಹೇಳಿದರು.

ರಮ್ಯಶ್ರೀ ಅಪ್ಪನ ವಿಷಯ ಏನೂ ಕೇಳಲಿಲ್ಲ. ಡಾಕ್ಟರ ಕಡೆಗೇ ತಿರುಗಿ, "ನಾನು ಕದ್ದು ತಿಂದಿರ್ಲಿಲ್ಲ ಅಂತ ಅಮ್ಮಂಗೆ ನೀವೇ ಹೇಳಿ ಸಾರ್," ಎಂದಳು.