ಬೆನ್ನಿಗೆ ಹತ್ತಿದ ಮಣ್ಣು

ಕಳೆದ ಭಾನುವಾರ ಬೆಳಿಗ್ಗೆ ನಾನು ನಮ್ಮ ಮನೆಯ ಬಾಲ್ಕನಿಯಲ್ಲಿ ಅಂಗಾತ ಬಿದ್ದೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅರವತ್ತರ ಹತ್ತಿರ ಬಂದವನು ಕರಿಬೇವಿನ ಕುಂಡವನ್ನು ಒಬ್ಬನೇ ಎತ್ತಲು ಹೋದರೆ ಆಗುವುದೇ ಇದು. ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಿಡಕ್ಕೆ ಬಿಸಿಲು ಸಿಗುವುದು ಒಂದೇ ಮೂಲೆಯಲ್ಲಿ. ಅದೂ ಎದುರಿನ ಟೆಕ್ ಪಾರ್ಕಿನ ಗಾಜಿನ ಗೋಡೆ ದೊಡ್ಡ ಮನಸ್ಸು ಮಾಡಿ ನಮ್ಮ ಕಡೆ ತಿರುಗಿಸಿ ಕೊಡುವ ಬಿಸಿಲು. ಆ ಮೂಲೆಗೆ ಕುಂಡ ಸಾಗಿಸುವಾಗ ಕಾಲು ಜಾರಿತು. ಕುಂಡ ಒಡೆದದ್ದು ಖಾತ್ರಿಯಾಯಿತು, ನನ್ನ ವಿಷಯ ಆ ಕ್ಷಣಕ್ಕೆ ತಿಳಿಯಲಿಲ್ಲ. ಗಿಡಕ್ಕೆ ಹುಳ ಹತ್ತದಿರಲೆಂದು ಹಿಂದಿನ ದಿನವಷ್ಟೇ ಆ ಮಣ್ಣಿಗೆ ಹುಳಿ ಮಜ್ಜಿಗೆ, ಅರಿಸಿನ, ಒಂದಿಷ್ಟು ಎಣ್ಣೆ ಬೆರೆಸಿದ್ದೆ. ಆ ಕೆಮ್ಮಣ್ಣು ನನ್ನ ಬೆನ್ನಡಿ ಹರಡಿಕೊಂಡು ಅದರ ವಾಸನೆ ಮೂಗಿಗೆ ಬಡಿದಾಗ, ನೋವಿಗಿಂತ ಮೊದಲು ನನಗೆ ನೆನಪಾದದ್ದು, ಅಖಾಡದ ಮಣ್ಣಿಗೆ ಇವನ್ನೇ ಬೆರೆಸುತ್ತಿದ್ದ ಬಾಗಲಗುಂಟೆಯ ಒಂದು ಗರಡಿಮನೆ.

ಸದ್ದು ಕೇಳಿ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದ ಓಡಿಬಂದಳು. ಎರಡೂ ಕೈ ಮುಂದಕ್ಕೆ ಚಾಚಿಕೊಂಡೇ ಬಂದವಳು ಹತ್ತಿರ ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡು, ಆ ಮಣ್ಣಿನಲ್ಲೇ ನನ್ನ ಪಕ್ಕ ಕೂತುಬಿಟ್ಟಳು. ಎತ್ತಲಿಲ್ಲ. "ಏನ್ರೀ, ಮೊದ್ಲು ಮಾತಾಡ್ರಿ" ಅಂದಳು, ಅಷ್ಟೇ. ಗಂಡ ಬಿದ್ದಿರುವಾಗ ಹೆಂಡತಿ ಪಕ್ಕದಲ್ಲಿ ಆರಾಮಾಗಿ ಕೂತಳೆಂದರೆ ನೀವು ನಮ್ಮ ಸಂಸಾರದ ಬಗ್ಗೆ ಏನೇನೋ ಅಂದುಕೊಳ್ಳುತ್ತೀರಿ. ಅವಳು ಯಾಕೆ ಕೂತಳೆಂದು ಹೇಳಬೇಕಾದರೆ ನಿಮ್ಮನ್ನು ಪೀಣ್ಯದ ಕಡೆಗೆ ಕರೆದೊಯ್ಯಬೇಕು. ನೆನಪಿನಲ್ಲಿ ಹೋಗುವುದರಿಂದ ಟ್ರಾಫಿಕ್ಕಿನ ಭಯವಿಲ್ಲ, ಬನ್ನಿ.

ನಮ್ಮ ಕಂಪನಿ ವೈಟ್‌ಫೀಲ್ಡ್ ಕಡೆಗೆ ಸ್ಥಳ ಬದಲಿಸುವವರೆಗೂ ನಾನು ಪೀಣ್ಯದಲ್ಲಿ ಗೇರ್ ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಮನೆ ಬಾಗಲಗುಂಟೆಯಲ್ಲಿ, ರಾಯಪ್ಪನವರ ಕಟ್ಟಡದ ಮೊದಲ ಮಹಡಿ. ರಾಯಪ್ಪನವರು ಅಲ್ಲಿಯ ಮೂಲದವರು. ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಶೆಡ್ಡುಗಳು ನಿಂತಿವೆ, ಉಳಿದ ಜಾಗದಲ್ಲಿ ಬಾಡಿಗೆ ಮನೆಗಳು. ಬೇರೆ ಯಾರಾದರೂ ಆಗಿದ್ದರೆ ಕೆಳಗಿನ ಅಂತಸ್ತಿನಲ್ಲಿ ಬೇಕರಿಗೋ ಮೊಬೈಲ್ ಅಂಗಡಿಗೋ ಜಾಗ ಕೊಡುತ್ತಿದ್ದರು. ಇವರು ಅಲ್ಲಿ ತಮ್ಮ ತಾತನ ಕಾಲದ ಗರಡಿಯನ್ನು ಉಳಿಸಿಕೊಂಡು, ತಾವೇ ಅದರ ವಸ್ತಾದರಾಗಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು.

ಮನೆ ಕೇಳಲು ಹೋದ ದಿನ ನಾನು ದಾವಣಗೆರೆಯವನೆಂದು ತಿಳಿದು ಅವರ ಮುಖ ಅರಳಿತು. "ಕುಸ್ತಿ ಊರು! ಮನೆ ನಿಮ್ಗೇ" ಅಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಸ್ವಲ್ಪ ತಡೆದು, "ನೀವು... ಬರೀ ನೋಡಕ್ಕೆ ಓಗ್ತಿದ್ರಾ?" ಎಂದು ಕೇಳಿದರು. ಬೆಣ್ಣೆದೋಸೆಯೊಂದನ್ನು ಬಿಟ್ಟರೆ ನಾನು ಆ ಊರಿನಲ್ಲಿ ಯಾವುದರ ಜೊತೆಗೂ ಸೆಣಸಿದವನಲ್ಲ ಎಂದು ಅವರಿಗೆ ಹೇಳಲು ಮನಸ್ಸಾಗಲಿಲ್ಲ.

ಪೈಲ್ವಾನರೆಂದರೆ ಬಾದಾಮಿ ಹಾಲು ಕುಡಿದು ಮೀಸೆ ತಿರುವಿಕೊಂಡು ಕೂತಿರುವವರೆಂದು ನಾನು ತಿಳಿದಿದ್ದೆ. ರಾಯಪ್ಪನವರ ಹುಡುಗರು ಹಾಗಿರಲಿಲ್ಲ. ಒಬ್ಬ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ದಿನವಿಡೀ ನಿಂತು ಬರುತ್ತಿದ್ದ, ಇನ್ನೊಬ್ಬ ಗೋದಾಮಿನಲ್ಲಿ ಮೂಟೆ ಹೊತ್ತು ಬರುತ್ತಿದ್ದ. ಕೆಲವರು ವಾರದ ಕೊನೆಗೆ ವೈಟ್‌ಫೀಲ್ಡಿನ ಪಬ್ಬುಗಳ ಬಾಗಿಲಲ್ಲಿ ಕಪ್ಪು ಟೀಶರ್ಟ್ ಹಾಕಿ ಬೌನ್ಸರ್ ಕೆಲಸಕ್ಕೆ ನಿಲ್ಲುತ್ತಿದ್ದರು. ಶಿಫ್ಟ್ ಮುಗಿಸಿ ಬಂದು, ಒಂದು ಲೋಟ ಟೀ ಕುಡಿದು, ಲಂಗೋಟಿ ಕಟ್ಟಿ ಅಖಾಡಕ್ಕೆ ಇಳಿಯುವರು. ರಜೆ ಬಂತೆಂದರೆ ಸುತ್ತಲಿನ ಪಂದ್ಯಗಳಿಗೆ ಹೋಗಿ ಬಹುಮಾನಕ್ಕೆ ಆಡುವರು. ಫ್ಯಾಕ್ಟರಿಯಲ್ಲಿ ಬೆರಳಿಗೆ ಗಾಯವಾದರೆ ಇಎಸ್‌ಐ ಆಸ್ಪತ್ರೆಯಿತ್ತು. ಅಖಾಡದಲ್ಲಿ ಕತ್ತು ಉಳುಕಿದರೆ ಅರಿಸಿನ, ಬಿಸಿ ಎಣ್ಣೆ ಮತ್ತು ರಾಯಪ್ಪನವರ ಹೆಬ್ಬೆರಳು. ಆ ಹೆಬ್ಬೆರಳಿಗೆ ಅಂಜಿಯೇ ಎಷ್ಟೋ ಹುಡುಗರು ನೋವನ್ನು ನುಂಗಿಕೊಳ್ಳುತ್ತಿದ್ದರೆಂದು ನನ್ನ ಅನುಮಾನ.

ಮೇಲಿನ ಕಿಟಕಿಯಿಂದ ಗಿರಿಜಾ ಅವರನ್ನು ನೋಡುತ್ತಿದ್ದಳು. "ಆ ಹುಡುಗ್ರ ಕಿವಿ ನೋಡ್ರಿ, ಜಜ್ಜಿದ ಶುಂಠಿ ಆದಂಗ ಆಗ್ಯಾವ. ಒಬ್ರೂ ಡಾಕ್ಟರ್ ಹತ್ರ ಹೋಗಂಗಿಲ್ಲೇನು?" ಎಂದು ನನ್ನನ್ನು ಕೇಳುತ್ತಿದ್ದಳು, ನಾನೇ ಜಜ್ಜಿದ ಹಾಗೆ. ಆ ಕಿವಿ ಪೈಲ್ವಾನನಿಗೆ ಗೌರವ ಎಂದು ನಾನು ಕೆಳಗೆ ಕೇಳಿದ್ದನ್ನೇ ಅವಳಿಗೆ ಒಪ್ಪಿಸುತ್ತಿದ್ದೆ.

ಗೌರವದ ಮಾತು ಬಂದದ್ದರಿಂದ ಬೆನ್ನಿನ ವಿಷಯ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಮಣ್ಣಿನ ಕುಸ್ತಿಯಲ್ಲಿ ಸೋಲೆಂದರೆ ಬೆನ್ನು ನೆಲಕ್ಕೆ ತಾಕುವುದು. ರಾಯಪ್ಪನವರ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ತಮ್ಮ ಹುಡುಗ ಚಿತ್ ಆದನೆಂದರೆ ಸಂಗಡಿಗರು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ನುಗ್ಗಿ ಅವನನ್ನು ಎತ್ತಿ ನಿಲ್ಲಿಸಿ, ಬೆನ್ನಿನ ಮಣ್ಣು ಒರೆಸಿಬಿಡುವರು. ಸೋತವನ ಬೆನ್ನನ್ನು ಜನ ನೋಡಬಾರದು. ಇದನ್ನು ಮೊದಲ ಸಲ ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು. ಗಂಡಸರು ಇಷ್ಟು ಮೃದುವಾಗಿ ಒಬ್ಬರ ಬೆನ್ನು ಒರೆಸುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ರಾಯಪ್ಪನವರ ಬೆನ್ನಿಗೆ ಮಣ್ಣು ಹತ್ತಿದ್ದನ್ನಂತೂ ಕಂಡವರೇ ಇಲ್ಲ ಎಂದು ಬಾಗಲಗುಂಟೆಯಲ್ಲಿ ಮಾತಿತ್ತು. ಅವರು ಗರಡಿಯಲ್ಲಿ ದಣಿವಾರಿಸಿಕೊಳ್ಳಲು ಗೋಡೆಗೆ ಒರಗುವರೇ ಹೊರತು ಎಂದೂ ಮಲಗುತ್ತಿರಲಿಲ್ಲ.

ಅವರ ಪ್ರೀತಿಯ ಶಿಷ್ಯ ಲೋಕೇಶ. ಲೋಹಕ್ಕೆ ಬಣ್ಣ ಹಿಡಿಸುವ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸ, ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಒಂದು ಹೆಣ್ಣುಮಗು. ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ "ಸಾರ್, ಒಂದಿನ ಇಳೀರಿ ಸಾರ್, ನಾನೇ ಸೋತ್ಬಿಡ್ತೀನಿ" ಎಂದು ನನ್ನನ್ನು ರೇಗಿಸುತ್ತಿದ್ದ. ಏಳೆಂಟು ವರ್ಷದ ಹಿಂದೆ ಅತ್ತಿಬೆಲೆ ಕಡೆ ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಒಂದು ಪಂದ್ಯ ಇಟ್ಟಿದ್ದರು. ಲೋಕೇಶ ಅದರ ಹಿಂದಿನ ರಾತ್ರಿಯ ಶಿಫ್ಟ್ ಮುಗಿಸಿ, ನಿದ್ದೆಯಿಲ್ಲದೆ, ಬಸ್ಸಿನಲ್ಲೇ ಒಂದಿಷ್ಟು ತೂಕಡಿಸಿ ಅಲ್ಲಿಗೆ ಬಂದಿದ್ದ. ರಾಯಪ್ಪನವರ ಒತ್ತಾಯಕ್ಕೆ ನಾನೂ ಹೋಗಿ ಜನರ ನಡುವೆ ಎಲ್ಲೋ ಹಿಂದೆ ನಿಂತಿದ್ದೆ. ಎದುರಾಳಿ ಅವನನ್ನು ಸೊಂಟ ಹಿಡಿದು ಎತ್ತಿ ಒಗೆದ. ಲೋಕೇಶನ ತಲೆ ಮೊದಲು ನೆಲಕ್ಕೆ ಬಂತು, ಬೆನ್ನು ಆಮೇಲೆ.

ಅವನು ಏಳಲಿಲ್ಲ. ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಹುಡುಗರಿಗಿಂತ ಮೊದಲು ಓಡಿದವರು ರಾಯಪ್ಪನವರು. ಬಗಲಿಗೆ ಕೈ ಕೊಟ್ಟು, ಮಗುವನ್ನು ಎತ್ತುವ ಹಾಗೆ ಎತ್ತಿ ನಿಲ್ಲಿಸಿ, ಎಡಗೈಯಿಂದ ತಬ್ಬಿಕೊಂಡು, ಬಲಗೈಯಿಂದ ಅವನ ಬೆನ್ನಿನ ಮಣ್ಣು ಒರೆಸತೊಡಗಿದರು. ಜನ ಚಪ್ಪಾಳೆ ತಟ್ಟಿದರು. ಆಗ ಲೋಕೇಶನ ಕಾಲುಗಳು ಒದ್ದೆ ಬಟ್ಟೆಯಂತೆ ಮಡಚಿಕೊಂಡವು, ತಲೆ ಅವರ ಹೆಗಲ ಮೇಲೆ ವಾಲಿತು. ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಸ್ಪೀಕರ್ ತಂದಿದ್ದ ಟೆಂಪೋದಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಕೇಳಿಕೊಂಡು, "ಎತ್ತಿದ್ದಕ್ಕೇ ಹೀಗಾಯ್ತು ಅಂತ ನಾನು ಹೇಳಲ್ಲ. ಬಿದ್ದ ಏಟೇ ಜೋರಿತ್ತು. ಆದ್ರೆ ಕತ್ತಿಗೆ ಪೆಟ್ಟಾದವರನ್ನ ಅಲ್ಲಾಡಿಸ್ಬಾರ್ದು, ಹಲಗೆ ಮೇಲೆ ಮಲಗಿಸ್ಕೊಂಡೇ ತರ್ಬೇಕು" ಅಂದರು. ರಾಯಪ್ಪನವರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತರು. ಅವರ ಬಲಗೈಯಲ್ಲಿ ಲೋಕೇಶನ ಬೆನ್ನಿನ ಮಣ್ಣು ಇನ್ನೂ ಇತ್ತು. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮಾರನೆಯ ದಿನ ಗರಡಿಗೆ ಬೀಗ ಬಿತ್ತು. ಸಂಜೆ ಕೆಳಗಿನಿಂದ ಬರುತ್ತಿದ್ದ ತೊಡೆ ತಟ್ಟುವ ಸದ್ದಿಲ್ಲದೆ ನಮ್ಮ ಮನೆಯೇ ಬಿಕೋ ಅನ್ನುತ್ತಿತ್ತು. ರಾಯಪ್ಪನವರು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಲೋಕೇಶನನ್ನು ನೋಡಲು ಮಾತ್ರ ನನ್ನ ಸ್ಕೂಟರಿನಲ್ಲಿ ಬರುವರು. ಅವರು ಹಿಂದೆ ಕೂತರೆ ಮುಂದಿನ ಚಕ್ರ ನೆಲ ಬಿಡುತ್ತದೋ ಎಂದು ನನಗೆ ಭಯ. ಆಪರೇಷನ್ ಆಗಿ, ತಿಂಗಳುಗಟ್ಟಲೆ ಮಲಗಿ, ಲೋಕೇಶನ ಕಾಲುಗಳಿಗೆ ಜೀವ ಮರಳಿತು. ಬಲಗೈಗೆ ಮಾತ್ರ ಪೂರ್ತಿ ಬರಲಿಲ್ಲ. ಮಗುವನ್ನು ಎಡಗೈಯಲ್ಲೇ ಎತ್ತಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡ.

ಒಂದು ದಿನ ಅವನು ನೇರವಾಗಿ ಕೇಳಿದ, "ಗರಡಿ ಯಾಕೆ ಮುಚ್ಚಿದ್ದೀರಾ ವಸ್ತಾದ್ರೆ?"

"ಇನ್ನೊಬ್ಬನ್ನ ಇಂಗ್ ಮಾಡಕ್ಕಾ?" ಅಂದರು ರಾಯಪ್ಪನವರು.

ಲೋಕೇಶ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬಿದ್ದಾಗ ಕೈಕಾಲು ಜುಮ್ ಅಂತಿತ್ತು. ನಂಗೆ ಬಾಯಿತ್ತು. ಎತ್ತಬೇಡಿ ಅನ್ಬೋದಿತ್ತು. ಅಷ್ಟೊಂದ್ ಜನ ನಿಂತ್ಕೊಂಡ್ ನೋಡ್ತಿದ್ರು, ನಾನೊಬ್ನೇ ಮಲ್ಗಿದ್ದೆ. ನಾಚ್ಕೆ ಆಯ್ತು. ಬೇಗ ಬಂದು ಎತ್ಲಿ ಅಂತ್ಲೇ ಕಾಯ್ತಿದ್ದೆ."

ರಾಯಪ್ಪನವರು ಎದ್ದು ಹೊರಟರು. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ಮನೆಯ ಮುಂದೆ ಇಳಿದವರು "ಉಡುಗ್ರಿಗೆ ಫೋನ್ ಮಾಡಿ ಸಾರ್, ಬರಕ್ಕೇಳಿ" ಅಂದರು.

ಬೀಗ ತೆಗೆದ ಆ ಸಂಜೆ ಹುಡುಗರೆಲ್ಲ ಅಖಾಡದ ಸುತ್ತ ನಿಂತಿದ್ದರು. ಮೇಲೆ ಕಿಟಕಿಯಲ್ಲಿ ಗಿರಿಜಾ, ಬಾಗಿಲ ಬಳಿ ನಾನು. ರಾಯಪ್ಪನವರು ಅಂಗಿ ಬಿಚ್ಚಿ ಮಣ್ಣಿಗೆ ನಮಸ್ಕಾರ ಮಾಡಿ ಒಳಗಿಳಿದರು. ನಡುಮಧ್ಯೆ ಅಂಗಾತ ಮಲಗಿಬಿಟ್ಟರು. ಒಬ್ಬ ತಡೆಯಲಾರದೆ ಮುಂದೆ ಬಂದು ಅವರ ಬಗಲಿಗೆ ಕೈ ಹಾಕಿದ.

"ಮುಟ್ಟಬ್ಯಾಡ!" ಎಂದು ಗದರಿದರು. ಆಮೇಲೆ, ಮಲಗಿದಲ್ಲಿಂದಲೇ, ಮೆಲ್ಲಗೆ ಹೇಳಿದರು: "ಇವತ್ತಿಂದ ಬಿದ್ದೋನು ತಾನಾಗೇ ಮಾತಾಡೋ ಗಂಟ ಯಾರೂ ಎತ್ತಂಗಿಲ್ಲ. ಅವ್ನು ಮಲಗಿರೋವಾಗ ಯಾರೂ ನಿಂತ್ಕಂಡೂ ನೋಡಂಗಿಲ್ಲ. ಕೂತ್ಕಳಿ. ಎಲ್ರೂ ಕೂತ್ರೆ ಅವ್ನಿಗೆ ನಾಚ್ಕೆ ಇರಕ್ಕಿಲ್ಲ. ಎಲ್ಲಿ ನೋಯ್ತದೆ ಅಂತ ಬಾಯ್ಬಿಟ್ ಯೋಳ್ತಾನೆ."

ಹುಡುಗರು ಒಬ್ಬೊಬ್ಬರಾಗಿ ಮಣ್ಣಿನಲ್ಲಿ ಕೂತರು. ನಾನೂ ಇಸ್ತ್ರಿ ಪ್ಯಾಂಟಿನಲ್ಲೇ ಕೂತೆ. ಕೊನೆಗೆ ರಾಯಪ್ಪನವರು "ಸೊಂಟ ಇಡ್ಕಂಡದೆ ಕಣ್ರಪ್ಪಾ, ಈಗ ಕೈ ಕೊಡಿ" ಅಂದಾಗ ಎಲ್ಲರೂ ನಕ್ಕರು. ಅವರ ಬೆನ್ನಿನ ಮಣ್ಣನ್ನು ಯಾರೂ ಒರೆಸಲಿಲ್ಲ. ಅದನ್ನು ಹೊತ್ತುಕೊಂಡೇ ಅವರು ಬೀದಿ ದಾಟಿ ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು ಬಂದರು.

ಆಮೇಲೆ ಅವರು ಹಟಮಾರಿಯಾದರು. ರಾತ್ರಿ ಶಿಫ್ಟ್ ಮಾಡಿ ಬಂದವನನ್ನು ಅಖಾಡಕ್ಕೆ ಬಿಡದೆ ಮನೆಗೆ ಓಡಿಸುವರು. ಮೈಮೇಲೆ ಹುಣ್ಣೋ ಕಜ್ಜಿಯೋ ಕಂಡರೆ ವಾಸಿಯಾಗುವ ತನಕ ಹೊರಗೆ. ಹೆಬ್ಬೆರಳಿಗೆ ನಿವೃತ್ತಿ ಕೊಟ್ಟು, ಹುಡುಗರನ್ನು ತಾವೇ ಡಾಕ್ಟರ ಹತ್ತಿರ ಎಳೆದೊಯ್ಯುವರು. ಪಂದ್ಯಕ್ಕೆ ಕರೆಯಲು ಬಂದವರಿಗೆ ಮೊದಲ ಪ್ರಶ್ನೆ, ಆಂಬುಲೆನ್ಸ್ ಇರುತ್ತದೋ ಇಲ್ಲವೋ. "ಆಂಬುಲೆನ್ಸ್ ನಿಂತಿದ್ರೆ ಅಪಶಕುನ ಅಂತಾರೆ ವಸ್ತಾದ್ರೆ" ಎಂದು ಒಬ್ಬರು ರಾಗ ಎಳೆದಾಗ ರಾಯಪ್ಪನವರಿಗೆ ಸಿಟ್ಟು ನೆತ್ತಿಗೇರಿತು. "ಸೇಬಿನಾರ ಆಕಕ್ಕೆ ಕ್ರೇನ್ ತರಿಸ್ತೀರ. ನಮ್ ಉಡುಗ್ರ ಕತ್ತಿಗೆ ಒಂದ್ ವ್ಯಾನ್ ತರ್ಸಕ್ ಆಗಕ್ಕಿಲ್ವಾ?" ಕೆಲವರು ಅವರ ಹುಡುಗರನ್ನು ಕರೆಯುವುದನ್ನೇ ಬಿಟ್ಟರು. ಕೆಲವರು ಗೊಣಗಿಕೊಂಡೇ ವ್ಯಾನ್ ತರಿಸಿದರು. ಲೋಕೇಶ ಮತ್ತೆ ಕುಸ್ತಿ ಆಡಲಿಲ್ಲ, ಆದರೆ ಪ್ರತಿ ಪಂದ್ಯಕ್ಕೂ ಹಲಗೆಯ ಜೊತೆ ಹೋಗಿ ಅಖಾಡದ ಅಂಚಿನಲ್ಲಿ ಕೂರುತ್ತಿದ್ದ. ಯಾರಾದರೂ ಬಿದ್ದು ಏಳದಿದ್ದರೆ "ಕೂತ್ಕೊಳ್ರಪ್ಪೋ" ಎಂದು ಕೂಗುವುದು ಅವನ ಕೆಲಸ.

ಹೋದ ವರ್ಷ ರಾಯಪ್ಪನವರು ತೀರಿಕೊಂಡರು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರು. ಅವರ ಆಸೆಯಂತೆ ಗರಡಿಯ ಮಣ್ಣಿನ ಮೇಲೆ ಮಲಗಿಸಿದ್ದರು. ಸುತ್ತಲೂ ಅವರ ಹುಡುಗರು, ಒಬ್ಬರೂ ನಿಂತಿರಲಿಲ್ಲ. ಚಟ್ಟ ಕಟ್ಟಿ ಮುಗಿಯಿತು, "ಎತ್ರಿ, ಹೊತ್ತಾಯ್ತು" ಎಂದು ಹಿರಿಯರು ಹೇಳಿದರು. ಯಾರೂ ಏಳಲಿಲ್ಲ. ಹಿರಿಯರು ಮತ್ತೆ ಹೇಳಿದರು. ಅಷ್ಟು ದೊಡ್ಡ ದೊಡ್ಡ ಆಳುಗಳು, ತಲೆ ತಗ್ಗಿಸಿಕೊಂಡು ಕೂತೇ ಇದ್ದರು. ಕೊನೆಗೆ ಲೋಕೇಶ ಎದ್ದು, ಬಲವಿಲ್ಲದ ಕೈಯನ್ನೇ ಅವರ ಬೆನ್ನಡಿಗೆ ಸರಿಸಿ, "ಎತ್ರಪ್ಪಾ. ಇನ್ ಅವ್ರು ಮಾತಾಡಲ್ಲ" ಅಂದ. ಆಗ ಗಂಡಸರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ಗಿರಿಜಾ ನನ್ನ ಪಕ್ಕದಲ್ಲೇ ಇದ್ದಳು.

ಬಾಲ್ಕನಿಗೆ ಮರಳೋಣ. ಮಣ್ಣಿನಲ್ಲಿ ಕೂತಿದ್ದ ಗಿರಿಜಾ, "ಏನ್ರೀ, ಮಾತಾಡ್ರಿ" ಎಂದು ಮತ್ತೆ ಕೇಳಿದಳು. ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು: ಏನೂ ಆಗಿಲ್ಲ, ನೀನು ಒಲೆ ಆರಿಸು ಹೋಗು. ಮೂವತ್ತು ವರ್ಷದ ಸಂಸಾರದಲ್ಲಿ ಜ್ವರ ಬಂದರೂ ಹಲ್ಲು ನೋವು ಬಂದರೂ ನಾನು ಹೇಳಿಕೊಂಡು ಬಂದ ಉತ್ತರ ಅದೇ. ಅಖಾಡಕ್ಕೆ ಎಂದೂ ಇಳಿಯದ ನನ್ನಂಥ ಕಡ್ಡಿ ಪೈಲ್ವಾನನಿಗೂ ಬೆನ್ನಿನ ಮಣ್ಣು ಅಷ್ಟು ನಾಚಿಕೆ. ತಲೆಯ ಪಕ್ಕದಲ್ಲಿ ಕೆಮ್ಮಣ್ಣು ಅರಿಸಿನದ ವಾಸನೆ ಹೊಡೆಯುತ್ತಿತ್ತು. ನಿಂತು ನೋಡುವವರು ಯಾರೂ ಇರಲಿಲ್ಲ.

"ಸೊಂಟ ಭಾಳ ನೋಯ್ತೈತಿ ಗಿರಿಜಾ" ಅಂದೆ. "ನನಗ ಹೆದರಿಕಿ ಆಗೈತಿ. ಎತ್ತಬ್ಯಾಡ, ಯಾರನ್ನಾದ್ರೂ ಕರಿ."

ಅವಳು ನನ್ನ ಕೈ ಬಿಡದೆ, ಕೂತಲ್ಲಿಂದಲೇ ಫೋನ್ ಮಾಡಿದಳು.