ಅತ್ತೆಯವರಿಗೆ ಒಪ್ಪುವ ಮರಳು

ಮಂಗಳೂರಿನಲ್ಲಿ ಮೂಳೆ ಡಾಕ್ಟರಿಗೆ ಮೊಣಕಾಲು ತೋರಿಸಿ ಹೊರಗೆ ಬಂದ ಕೂಡಲೇ ನಮ್ಮ ಅತ್ತೆಯವರು, "ಬಂದಿದ್ದು ಬಂದಿದೀವಿ, ಒಂದ್ ಬೀಚ್ ನೋಡ್ಕಂಡ್ ಹೋಗಾನ" ಎಂದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಶನಿವಾರಸಂತೆ ಕಡೆಯ ಅತ್ತೆಯವರಿಗೆ ಮನೆ ಬಿಟ್ಟು ಹೊರಡುವುದೇ ಬೇಸರ. ಹೊರಟರೂ ಅರ್ಧ ದಾರಿಯಲ್ಲೇ ಮನೆಗೆ ಹೋಗೋಣ ಎನ್ನುವವರು. ಅಂಥವರ ಬಾಯಲ್ಲಿ ಬೀಚ್!

ಆದರೆ ಯಾವ ಬೀಚು? ಅಲ್ಲಿಂದ ಶುರುವಾಯಿತು. ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನ್ನ ಗಂಡನಿಗೆ, ಹಣ್ಣಿನ ಪಿಕ್ಕಿಂಗ್ ಮುಗಿದು ಸಿಕ್ಕ ರಜೆ ಅದು. ಅವರಿಗೆ ಬೀಚಿಗಿಂತ ಅದರ ಪಕ್ಕದ ಮೀನು ಹುರಿಯುವ ಅಂಗಡಿ ಮುಖ್ಯ. ಮಡಿಕೇರಿಯಿಂದ ನಮ್ಮ ಜೊತೆ ಬಂದಿದ್ದ ನಾದಿನಿಗೆ ಸೂರ್ಯಾಸ್ತ ಬೇಕು, ಅದೂ ಅಡ್ಡ ಯಾರೂ ಬಾರದ ಸೂರ್ಯಾಸ್ತ. ಅವಳು ಕಾರಿನಲ್ಲಿ ಕೂತು ಒಂದೊಂದೇ ಬೀಚಿನ ಬಗ್ಗೆ ಜನ ಬರೆದದ್ದನ್ನು ಫೋನಿನಲ್ಲಿ ಗಟ್ಟಿಯಾಗಿ ಓದತೊಡಗಿದಳು. ಒಬ್ಬರಿಗೆ ಸ್ವರ್ಗವಾದದ್ದು ಇನ್ನೊಬ್ಬರಿಗೆ ಕಸದ ತೊಟ್ಟಿ. ಪೊನ್ನಂಪೇಟೆಯ ಶಾಲೆಯಲ್ಲಿ ಇಡೀ ವರ್ಷ ಮಕ್ಕಳ ಗದ್ದಲ ಕೇಳಿದ ನನಗೆ ಸುಮ್ಮನೆ ಕೂರಲು ಒಂದು ಜಾಗ ಸಿಕ್ಕಿದ್ದರೆ ಸಾಕಿತ್ತು.

ಮೊದಲು ಪಣಂಬೂರಿಗೆ ಹೋದೆವು. ಅತ್ತೆಯವರು ಕಾರಿನಿಂದ ಇಳಿದು, ಒಂದು ಚಪ್ಪಲಿ ಬಿಟ್ಟು, ಬರಿಗಾಲನ್ನು ಮರಳಿನ ಮೇಲಿಟ್ಟರು. ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ ಸುತ್ತಲಿದ್ದ ಜನರನ್ನು, ಒಂಟೆಯನ್ನು, ಗಾಳಿಪಟಗಳನ್ನು ನೋಡಿ, "ಇಲ್ಲೇನ್ ಸಂತೆ ಕಟ್ಟೈತಾ? ಬ್ಯಾಡ, ನಡೀರಿ" ಎಂದರು.

ತಣ್ಣೀರುಬಾವಿಯಲ್ಲಿ ಜನ ಕಡಿಮೆ, ಗಾಳಿಮರಗಳ ಒಳ್ಳೆಯ ನೆರಳು. ನಾನು ಆಗಲೇ ಒಂದು ಮರದ ಬುಡ ಆರಿಸಿಕೊಂಡಿದ್ದೆ. ಅತ್ತೆಯವರು ಮತ್ತೆ ಒಂದು ಕಾಲನ್ನು ಮರಳಿಗಿಟ್ಟು, "ಥೂ, ತಣ್ಣಗೈತೆ" ಎಂದು ತಿರುಗಿದರು.

"ತಣ್ಣಗಿರೋದು ಒಳ್ಳೇದಲ್ವೇನವ್ವಾ?" ಎಂದರು ನನ್ನ ಗಂಡ.

"ನಿಂಗೇನ್ ಗೊತ್ತಾಯ್ತದೆ? ಗಾಡಿ ತಿರುಗ್ಸು."

ಊರನ್ನೆಲ್ಲ ದಾಟಿ ದಕ್ಷಿಣಕ್ಕೆ ಸೋಮೇಶ್ವರಕ್ಕೆ ಹೋದೆವು. ದೇವಸ್ಥಾನ ಇದೆ, ಇದಾದರೂ ಒಪ್ಪಿಗೆಯಾದೀತು ಎಂಬ ಆಸೆ ನಮಗೆ. ಅತ್ತೆಯವರು ದೇವರಿಗೆ ಕೈಮುಗಿದರು, ಕಡಲಿಗೂ ಕೈಮುಗಿದರು. "ಬರೀ ಬಂಡೆ" ಎಂದು ಬಂದು ಕಾರಿನಲ್ಲಿ ಕೂತರು. ಮೀನೂ ಸಿಗದೆ, ತಂದಿದ್ದ ಬುತ್ತಿ ಬಿಚ್ಚಲೂ ಆಗದೆ ನನ್ನ ಗಂಡನ ಮುಖ ಕೆಂಪಾಗಿತ್ತು. "ನಿಂಗೆ ಬೇಕಾಗಿರೋದಾದ್ರೂ ಏನವ್ವಾ? ಬಾಯಿ ಬಿಟ್ಟು ಹೇಳು!"

ಅತ್ತೆಯವರು ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳಿದರು: "ಸಂತೇಲಿ ಮೆಣ್ಸಿನಕಾಯಿ ಮಾರೋಳು ಹೇಳಿದ್ಲು. ಕಡಲ್ ದಡದ್ ಬಿಸಿ ಮಳ್ಳಲ್ಲಿ ಕಾಲು ಹೂತ್ಕಂಡ್ ಕುಂತ್ರೆ ನೋವೆಲ್ಲ ಹೀರ್ಕತದಂತೆ. ಮೊದ್ಲೇ ಹೇಳಿದ್ರೆ ನೀವ್ ನಗ್ತಿದ್ರಿ."

ನಾವು ನಗಲಿಲ್ಲ. ನಾದಿನಿಯೊಬ್ಬಳು ಮಾತ್ರ ಫೋನನ್ನು ಮುಖಕ್ಕೆ ಹಿಡಿದುಕೊಂಡಳು. ನನಗಂತೂ ಪಾಪ ಅನ್ನಿಸಿತು. ಅಷ್ಟು ದುಡ್ಡು ಸುರಿದು ಡಾಕ್ಟರಿಗೆ ತೋರಿಸಿದ ದಿನವೇ ಮೆಣಸಿನಕಾಯಿಯವಳ ಮದ್ದು ಕೇಳುವುದು ಹೇಗೆಂದು ಬೆಳಗಿನಿಂದ ಒಳಗೊಳಗೇ ಒದ್ದಾಡಿದ್ದರಲ್ಲ.

ಉಳ್ಳಾಲದ ಕಡೆ ಹಿಂದಿರುಗಿ, ಮನೆಗಳ ನಡುವಿನ ಓಣಿಯಲ್ಲಿ ಹೋದರೆ ಅಗಲವಾದ ಬಟ್ಟಬಯಲು ಮರಳು. ನೆರಳಿಲ್ಲ, ಬಂಡೆಯಿಲ್ಲ, ಜನ ಅಲ್ಲೊಬ್ಬರು ಇಲ್ಲೊಬ್ಬರು. ಅತ್ತೆಯವರು ಕಾಲಿಟ್ಟವರೇ "ಅಯ್ಯಯ್ಯೋ!" ಎಂದು ಕುಣಿದರು. "ಇದೇ! ಇದೇ ಬೀಚು!"

ಬುತ್ತಿಯ ತಟ್ಟೆಗಳಿಂದಲೇ ಗುಂಡಿ ತೋಡಿದೆವು. ಅತ್ತೆಯವರು ಸೀರೆಯನ್ನು ಅಚ್ಚುಕಟ್ಟಾಗಿ ಸುತ್ತಿಕೊಂಡು ಕಾಲು ಚಾಚಿ ಕೂತರು. ನಾವು ಮರಳು ಸುರಿದು ಸೊಂಟದವರೆಗೆ ಮುಚ್ಚುತ್ತಿದ್ದಂತೆ ದೂರದಿಂದ ಸೀಟಿ ಊದುತ್ತಾ ಒಬ್ಬ ದಪ್ಪ ಮೀಸೆಯ ಲೈಫ್‌ಗಾರ್ಡ್ ಓಡಿ ಬಂದರು.

"ಎಂತ ಮಾಡುದು ನೀವು? ಮನುಷ್ಯರನ್ನೆಲ್ಲ ಇಲ್ಲಿ ಹೂಳ್ಲಿಕ್ಕಿಲ್ಲ!"

"ಅರ್ಧ ಮಾತ್ರ ಕಣಪ್ಪ" ಎಂದರು ಅತ್ತೆಯವರು. "ಮಂಡಿ ನೋವಿಗೆ."

ಲೈಫ್‌ಗಾರ್ಡ್ ಏದುಸಿರು ಬಿಡುತ್ತ ಸೀಟಿಯನ್ನು ಜೇಬಿಗಿಳಿಸಿದರು. "ನನ್ನ ಅಮ್ಮನಿಗೂ ಉಂಟು ಮಾರಾಯ್ರೆ. ಕಮ್ಮಿ ಆದ್ರೆ ಹೇಳಿ ಆಯ್ತಾ?" ಎಂದು ಹೋದರು.

ಅಷ್ಟರಲ್ಲಿ ಬುರ್ಖಾ ತೊಟ್ಟ ಹಿರಿಯ ಬ್ಯಾರಿ ಹೆಂಗಸೊಬ್ಬರು ಪಕ್ಕದ ಓಣಿಯಿಂದ ಕುಂಟುತ್ತ ಬಂದು ಸ್ವಲ್ಪ ಹೊತ್ತು ನೋಡಿದರು. "ಗಂಟು ನೋವಾ? ನಾನು ಹುಟ್ಟಿದ್ದೇ ಇಲ್ಲಿ, ಇದು ಗೊತ್ತೇ ಇರ್ಲಿಲ್ಲ ನೋಡಿ" ಎಂದು ಅತ್ತೆಯವರ ಬದಿಯಲ್ಲೇ ಕೂತುಬಿಟ್ಟರು. ನಾನೂ ನಾದಿನಿಯೂ ಅವರಿಗೂ ಮರಳು ಹೊದಿಸಿದೆವು. ನನ್ನ ಗಂಡ ಇದೇ ಸಮಯವೆಂದು ಮೀನು ಹುಡುಕಿಕೊಂಡು ನಾಪತ್ತೆಯಾದರು.

ಕಡಲಿಗೆ ಮುಖ ಮಾಡಿ ಇಬ್ಬರೂ ಮಾತಿಗೆ ಕುಳಿತರು. ಮೊದಲು ಮಂಡಿ, ಆಮೇಲೆ ಬೆನ್ನು, ಆಮೇಲೆ ಸೊಸೆ.

"ಸೊಸೆ ಹೇಗೆ?" ಎಂದರು ಆ ಹೆಂಗಸು.

"ಒಳ್ಳೇಳೇ. ಟೀಚರ್ರು. ಸಾರಿಗ್ ಉಪ್ಪು ಹಾಕಾದ್ ಒಂದ್ ಗೊತ್ತಿಲ್ಲ."

ಸೊಸೆಯಾದ ನಾನು ಆಗ ಅತ್ತೆಯವರ ಮೊಣಕಾಲಿನ ಮೇಲೆ ಮರಳು ಸುರಿಯುತ್ತಿದ್ದೆ. ಇನ್ನೂ ನಾಲ್ಕು ತಟ್ಟೆ ಧಾರಾಳವಾಗಿ ಸುರಿದೆ.

ಸೂರ್ಯ ಇಳಿಯತೊಡಗಿದ. ನಾದಿನಿ ಯಾವ ಮೂಲೆಯಿಂದ ಫೋಟೋ ತೆಗೆದರೂ ಮಧ್ಯದಲ್ಲಿ ಎರಡು ಅರ್ಧ ಹೆಂಗಸರು. ಕೊನೆಗೆ ಸೂರ್ಯನ ಆಸೆ ಬಿಟ್ಟು ಅವರನ್ನೇ ತೆಗೆದಳು. ಅಷ್ಟು ಹೊತ್ತಿಗೆ ನೀರು ಏರಿದ್ದನ್ನು ನಾವ್ಯಾರೂ ಗಮನಿಸಿರಲಿಲ್ಲ. ದೊಡ್ಡದೊಂದು ಅಲೆ ಎಲ್ಲವನ್ನೂ ಬಿಟ್ಟು ನೇರ ನಮ್ಮತ್ತಲೇ ನುಗ್ಗಿತು. ನಾನು ಅತ್ತೆಯವರ ಕೈ ಹಿಡಿಯುವ ಮೊದಲೇ ಅವರು ಮರಳು ಕೊಡವಿ ಎದ್ದು, ಗೆಳತಿಯ ತೋಳು ಹಿಡಿದು ಎಳೆದುಕೊಂಡು, ಓಡಿದರು. ನಿಜವಾಗಿಯೂ ಓಡಿದರು. ಒದ್ದೆಯಾದದ್ದು ನಾನು, ನಾದಿನಿ ಮತ್ತು ಬುತ್ತಿಯ ಚೀಲ.

ಕಾಗದದ ಪೊಟ್ಟಣದಲ್ಲಿ ಬಂಗುಡೆ ಹಿಡಿದು ಬರುತ್ತಿದ್ದ ನನ್ನ ಗಂಡ ಅಲ್ಲೇ ಕಲ್ಲಾದರು. "ಅವ್ವ ಓಡ್ತಿದಾಳೆ ಕಣೇ!"

ಮೇಲಿನ ದಿಬ್ಬದಲ್ಲಿ ನಿಂತು ಆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ಮನೆಯಲ್ಲಿ ಅತ್ತೆಯವರು ನಕ್ಕರೆ ಬಾಯಿಗೆ ಸೆರಗು ಬರುತ್ತದೆ. ಅಂದು ಸೆರಗು ಎಲ್ಲಿತ್ತೋ, ಅವರಿಗೂ ಗೊತ್ತಿರಲಿಲ್ಲ. ಅವರ ಹಿಂದಿನ ಹಲ್ಲುಗಳನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸ್ ಬರುವ ದಾರಿಯಲ್ಲಿ, ಸಂಪಾಜೆಯಲ್ಲಿ ಕಾಫಿಗೆಂದು ಕಾರು ನಿಲ್ಲಿಸಿದಾಗ ಅತ್ತೆಯವರಿಗೆ ಇಳಿಯಲಾಗಲಿಲ್ಲ. ಎರಡು ಮಂಡಿಯೂ ಊದಿಕೊಂಡಿದ್ದವು. ಕಾಫಿಯನ್ನು ಕಾರಿಗೇ ತಂದುಕೊಟ್ಟೆವು. ಒಂದು ವಾರ ಡಾಕ್ಟರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗಿದರು. ಮೆಣಸಿನಕಾಯಿಯವಳ ಸುದ್ದಿಯನ್ನು ನಾವೂ ಎತ್ತಲಿಲ್ಲ.

ಅಂದು ಉಳ್ಳಾಲದಿಂದ ಹೊರಡುವಾಗ ಆ ಹೆಂಗಸು ತಮ್ಮ ನಂಬರನ್ನು ಅತ್ತೆಯವರ ಫೋನಿಗೆ ಹಾಕಿಸಿದ್ದರು. ಈಗ ಭಾನುವಾರ ಮಧ್ಯಾಹ್ನ ಊಟವಾಗುತ್ತಲೇ ಫೋನು ಬರುತ್ತದೆ. ಅತ್ತೆಯವರು ಸ್ಪೀಕರ್ ಹಾಕಿ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾರೆ.

"ಕಾಲು ಹೇಗುಂಟು?"

"ಹಂಗೇ ಐತೆ ಕಣವ್ವ. ನಿಂದು?"

"ನಂದೂ ಹಾಗೇ ಉಂಟು."

ಅಷ್ಟಾದ ಮೇಲೆ ಇಬ್ಬರೂ ನೆಮ್ಮದಿಯಿಂದ ಸೊಸೆಯಂದಿರ ವಿಷಯಕ್ಕೆ ಬರುತ್ತಾರೆ.